ಸ್ಪಿರಿಟ್ ಎಂದರೆ ಯಾವ ಸ್ಪಿರಿಟ್? ನಮ್ಮ ಐದು ತಾಲ್ಲೂಕುಗಳ ಆಲ್ಕೋಹಾಲ್ ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಲ್ಲಿ 'ಸ್ಪಿರಿಟ್' ಎಂಬ ಒಂದೇ ಮಾತನ್ನು ಎಷ್ಟು ಕಡೆ ಬಳಸುತ್ತೇವೆ ನೋಡಿ. ಸೂಜಿ ಚುಚ್ಚುವ ಮುಂಚೆ ಆಸ್ಪತ್ರೆಯ ಸಿಸ್ಟರ್ ಹತ್ತಿಯಲ್ಲಿ ಒರೆಸುವುದು ಸ್ಪಿರಿಟ್. ಬಡಗಿ ಅರಗು ಕರಗಿಸಿ ಬಾಗಿಲಿಗೆ ಪಾಲಿಷ್ ಹೊಡೆಯುವುದೂ ಸ್ಪಿರಿಟ್. ಕರೆಂಟ್ ಇಲ್ಲದ ಕಾಲದಲ್ಲಿ ಬಯಲಾಟಕ್ಕೆ ಗ್ಯಾಸ್‌ಲೈಟ್ ಹಚ್ಚುವಾಗ ಮೊದಲು ಸುರಿದು ಬೆಂಕಿ ಕೊಡುತ್ತಿದ್ದುದೂ ಸ್ಪಿರಿಟ್. ಯಾರೋ ಏನೋ ಕುಡಿದು ಸತ್ತರೆ ಆಗಲೂ 'ಸ್ಪಿರಿಟ್ ಕುಡಿದನಂತೆ' ಎನ್ನುತ್ತೇವೆ. ಸುದ್ದಿ ಬರೆಯುವ ನಮ್ಮಂಥವರೂ 'ಕಲಬೆರಕೆ ಮದ್ಯ' ಎಂದು ಎರಡು ಪದ ಬರೆದು ಮುಂದಿನ ಸುದ್ದಿಗೆ ಹೋಗುತ್ತೇವೆ. ಕಲಬೆರಕೆ ಆದದ್ದು ಏನು, ಅದು ಎಲ್ಲಿಂದ ಬಂತು ಎಂದು ಕೇಳುವುದು ಕಡಿಮೆ.

ಆಲ್ಕೋಹಾಲ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಮನೆತನದ ಹೆಸರು. ಈ ಮನೆತನದಲ್ಲಿ ಜೀವ ತೆಗೆಯುವವರೂ ಇದ್ದಾರೆ, ಗಾಯ ತೊಳೆಯುವವರೂ ಇದ್ದಾರೆ, ಹೂವಿಗೆ ಪರಿಮಳ ಕೊಡುವವರೂ ಇದ್ದಾರೆ. ಸರ್ಕಾರಗಳು ನೂರೈವತ್ತು ವರ್ಷದಿಂದ ಇದನ್ನು ತೆರಿಗೆ ಹಾಕುವ ಅಥವಾ ನಿಷೇಧಿಸುವ ವಸ್ತುವಾಗಿ ನೋಡಿವೆ, ಜನ ಕುಡಿಯುವ ಅಥವಾ ಬೈಯುವ ವಸ್ತುವಾಗಿ ನೋಡಿದ್ದಾರೆ. ಈ ನಡುವೆ ಯಾವುದು ಯಾವುದೆಂದು ಗೊತ್ತಾಗದೆ ಸತ್ತವರ ಲೆಕ್ಕ ದೊಡ್ಡದಿದೆ.

ಮೊದಲು ಮನೆತನದ ಗುರುತು. ಕಾರ್ಬನ್ ಅಣುವಿಗೆ ಆಕ್ಸಿಜನ್ ಒಂದು, ಹೈಡ್ರೋಜನ್ ಒಂದು ಸೇರಿದ ಜೋಡಿ ಬಾಲದ ಹಾಗೆ ಅಂಟಿಕೊಂಡಿದ್ದರೆ ಅದು ಆಲ್ಕೋಹಾಲ್. ಕಾರ್ಬನ್ ಒಂದೇ ಇದ್ದರೆ ಮೆಥನಾಲ್, ಎರಡಿದ್ದರೆ ಎಥನಾಲ್. ಮೂರು ಕಾರ್ಬನ್ ಇದ್ದು ಬಾಲ ನಡುವಿನದಕ್ಕೆ ಅಂಟಿದ್ದರೆ ಐಸೊಪ್ರೊಪೈಲ್. ಮೂರಕ್ಕೂ ಒಂದೊಂದು ಬಾಲ ಇದ್ದರೆ ಗ್ಲಿಸರಿನ್. ಪಿಯುಸಿ ಪುಸ್ತಕದಲ್ಲಿ ಪ್ರೈಮರಿ, ಸೆಕೆಂಡರಿ, ಟರ್ಷಿಯರಿ ಎಂದು ವಿಂಗಡಿಸುವುದು ಇದನ್ನೇ: ಬಾಲ ಹಿಡಿದ ಕಾರ್ಬನ್‌ಗೆ ಅಕ್ಕಪಕ್ಕ ಎಷ್ಟು ಕಾರ್ಬನ್ ನೆಂಟರು ಇದ್ದಾರೆ ಎಂಬ ಲೆಕ್ಕ. ಎಥನಾಲ್‌ನಲ್ಲಿ ಒಬ್ಬ ನೆಂಟ, ಆದ್ದರಿಂದ ಪ್ರೈಮರಿ. ಐಸೊಪ್ರೊಪೈಲ್‌ನಲ್ಲಿ ಇಬ್ಬರು, ಆದ್ದರಿಂದ ಸೆಕೆಂಡರಿ. ಅಷ್ಟೇ ವಿಷಯ, ಹೆದರುವಂಥದ್ದೇನಿಲ್ಲ.

ಹೆಸರು ಬಂದ ದಾರಿಯೂ ವಿಚಿತ್ರ. ಅರಬ್ಬಿಯಲ್ಲಿ 'ಅಲ್ ಕುಹ್ಲ್' ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ನುಣ್ಣಗೆ ಅರೆದ ಪುಡಿಗೆ ಇದ್ದ ಆ ಹೆಸರು ಯುರೋಪಿಗೆ ಹೋಗಿ, ಯಾವುದೇ ವಸ್ತುವಿನ ಸಾರಕ್ಕೆ ಅಂಟಿ, ಕೊನೆಗೆ ದ್ರಾಕ್ಷಾರಸದಿಂದ ಬಟ್ಟಿ ಇಳಿಸಿದ ಸಾರಕ್ಕೆ ಉಳಿದುಕೊಂಡಿತು. ಕಣ್ಣಿನ ಅಲಂಕಾರದಿಂದ ಹೆಸರು ಪಡೆದ ಮನೆತನದ ಒಬ್ಬ ಸದಸ್ಯ ಕಣ್ಣನ್ನೇ ತೆಗೆಯುತ್ತಾನೆ. ಆ ಮಾತು ಮುಂದೆ ಬರುತ್ತದೆ.

ನಮ್ಮ ಸೀಮೆಗೆ ಬರೋಣ. ಹಳ್ಳದ ದಂಡೆಯ ಈಚಲು ಮರಕ್ಕೆ ಕಚ್ಚು ಹಾಕಿ ಮಡಕೆ ಕಟ್ಟಿದರೆ ಸಿಹಿ ರಸ ಇಳಿಯುತ್ತದೆ. ಗಾಳಿಯಲ್ಲಿರುವ ಯೀಸ್ಟ್ ಅದರೊಳಗೆ ಬಿದ್ದು ಸಕ್ಕರೆ ತಿಂದು ಎಥನಾಲ್ ಬಿಡುತ್ತದೆ. ಹೊತ್ತೇರುವಷ್ಟರಲ್ಲಿ ಅದು ಹೆಂಡ. ಇನ್ನೂ ಬಿಟ್ಟರೆ ಹುಳಿಯಾಗಿ ವಿನೆಗರ್. ಯೀಸ್ಟ್‌ಗೂ ಒಂದು ಮಿತಿ ಇದೆ. ಎಥನಾಲ್ ಪ್ರಮಾಣ ಶೇ 15ರ ಆಸುಪಾಸು ತಲುಪಿದರೆ ತಾನು ಬಿಟ್ಟ ಎಥನಾಲ್‌ನಲ್ಲೇ ಅದು ಸಾಯುತ್ತದೆ. ಅದಕ್ಕಿಂತ ಖಡಕ್ಕಾಗಬೇಕಾದರೆ ಬಟ್ಟಿ ಇಳಿಸಬೇಕು. ನೀರು ಕುದಿಯುವುದು 100 ಡಿಗ್ರಿಗೆ, ಎಥನಾಲ್ 78ಕ್ಕೆ. ಮೊದಲು ಆವಿಯಾಗುವುದು ಎಥನಾಲ್, ಅದನ್ನು ತಣ್ಣಗೆ ಮಾಡಿ ಹಿಡಿದರೆ ಸಾರಾಯಿ. ಬೆಲ್ಲದ ಕೊಳೆಗೆ ಬಿಳಿಜಾಲಿ ತೊಗಟೆ ಹಾಕುವ ಪದ್ಧತಿ ಎಷ್ಟು ಹಳೆಯದೆಂದರೆ, ಇಂಗ್ಲಿಷರು ಆ ಮರಕ್ಕೆ 'ಬಟ್ಟಿ ಇಳಿಸುವವರ ಜಾಲಿ' ಎಂದೇ ಹೆಸರಿಟ್ಟರು.

1800ರಲ್ಲಿ ಬಳ್ಳಾರಿ ಸೀಮೆ ನಿಜಾಮನ ಕೈಯಿಂದ ಕಂಪನಿ ಸರ್ಕಾರದ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿಯ ಮೊದಲ ಪ್ರಧಾನ ಕಲೆಕ್ಟರ್. ಹೆಂಡ, ಸಾರಾಯಿ ಮಾರುವ ಹಕ್ಕನ್ನು ಗುತ್ತಿಗೆ ಕೊಟ್ಟು ಹಣ ಎತ್ತುವುದಕ್ಕೆ ಅಬಕಾರಿ ಎಂದು ಹೆಸರು. 1886ರ ಮದ್ರಾಸ್ ಅಬಕಾರಿ ಕಾಯ್ದೆ ಅದನ್ನು ಪಕ್ಕಾ ಮಾಡಿತು. ಮರ ನಿಮ್ಮದೇ ಇರಬಹುದು, ರಸ ಇಳಿಸಲು ಸರ್ಕಾರದ ಅಪ್ಪಣೆ ಬೇಕು.

ಈ ತೆರಿಗೆಯಿಂದಲೇ ಒಂದು ತೊಡಕು ಶುರುವಾಯಿತು. ಬಡಗಿಗೆ, ಬಣ್ಣ ಮಾಡುವವನಿಗೆ, ದೀಪ ಹಚ್ಚುವವನಿಗೆ ಎಥನಾಲ್ ಬೇಕು. ಕುಡಿಯುವ ಸಾರಾಯಿಯ ತೆರಿಗೆಯನ್ನು ಅವನ ಮೇಲೂ ಹಾಕಿದರೆ ಕಸುಬು ನಿಲ್ಲುತ್ತದೆ. ತೆರಿಗೆ ಬಿಟ್ಟರೆ ಅದನ್ನೇ ಜನ ಕುಡಿಯುತ್ತಾರೆ. ಬ್ರಿಟನ್ 1855ರಲ್ಲಿ ಒಂದು ಉಪಾಯ ಮಾಡಿತು: ಎಥನಾಲ್‌ಗೆ ಕಟ್ಟಿಗೆಯಿಂದ ಬಟ್ಟಿ ಇಳಿಸಿದ ಒಂದು ದ್ರವ ಬೆರೆಸಿ, ಕುಡಿಯಲು ಬಾರದ ಹಾಗೆ ಕೆಡಿಸಿ, ತೆರಿಗೆ ಇಲ್ಲದೆ ಮಾರುವುದು. ಆ ಕಟ್ಟಿಗೆ ದ್ರವದ ಮುಖ್ಯ ಭಾಗವೇ ಮೆಥನಾಲ್. ಇದೇ 'ಮೆಥಿಲೇಟೆಡ್ ಸ್ಪಿರಿಟ್'. ನಮ್ಮ ದೇಶದಲ್ಲಿ ಪಿರಿಡಿನ್‌ನಂಥ ನಾರುವ ವಸ್ತುಗಳನ್ನೂ ಬೆರೆಸಿದರು, ಗುರುತಿಗೆ ಬಣ್ಣವನ್ನೂ ಹಾಕಿದರು. ಗ್ಯಾಸ್‌ಲೈಟಿಗೆ ಸುರಿಯುತ್ತಿದ್ದ ಬಣ್ಣದ ಸ್ಪಿರಿಟ್ ಈ ವಂಶದ್ದು. ಬಡವ ಕುಡಿಯಬಾರದು ಎಂದು ವಿಷ ಹಾಕಿ ಮಾರುವ ಈ ಲೆಕ್ಕ ನಮಗಂತೂ ಇವತ್ತಿಗೂ ಸರಿ ಕಾಣುವುದಿಲ್ಲ. ಆದರೆ ಜಗತ್ತೆಲ್ಲ ಅದನ್ನು ಒಪ್ಪಿತು.

1937ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿ ಸರ್ಕಾರ ಪಾನನಿರೋಧ ಕಾಯ್ದೆ ತಂದಿತು. ಆ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಅದು ಶುರುವಾಯಿತು. ಯುದ್ಧದ ಕಾಲದಲ್ಲಿ ನಿಂತು, ಮತ್ತೆ ಹಬ್ಬಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಮುಟ್ಟಿತು. ಬಳ್ಳಾರಿ ಆಗ ಮದ್ರಾಸಿನೊಳಗೇ ಇತ್ತು. ಗಾಂಧೀಜಿ ಚಿತಾಭಸ್ಮದ ಸ್ಮಾರಕ ಇರುವ ಕೂಡ್ಲಿಗಿಯೂ, ಉಳಿದ ನಮ್ಮ ಊರುಗಳೂ ಕಾಗದದ ಮೇಲೆ ಒಣಗಿದವು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಮೈಸೂರಿನದೇ ಪಾನನಿರೋಧ ಕಾಯ್ದೆ ಬಂತು, 1967ರಲ್ಲಿ ನಿಷೇಧ ಸಡಿಲವಾಯಿತು.

ಕಾಗದದ ಮೇಲೆ ಎಂದೆವು. ನಿಷೇಧದ ಕಾಲದಲ್ಲಿ ಬೆಲ್ಲದ ಬಟ್ಟಿ ಗುಡ್ಡ ಹತ್ತಿತು. ಅದಕ್ಕಿಂತ ಕೆಟ್ಟದ್ದು ಪಟ್ಟಣಗಳಲ್ಲಿ ನಡೆಯಿತು. ಕಸುಬಿಗೆ ಎಂದು ಬಿಡುತ್ತಿದ್ದ ವಾರ್ನಿಷ್, ಫ್ರೆಂಚ್ ಪಾಲಿಷ್‌ಗಳನ್ನೇ ಸೋಸಿ ಕುಡಿಯುವವರು ಹುಟ್ಟಿಕೊಂಡರು.

ಇಲ್ಲಿ ಒಂದು ತಪ್ಪು ನಂಬಿಕೆ ಬಿಡಿಸಬೇಕು. ಕಳ್ಳಬಟ್ಟಿ ಇಳಿಸುವಾಗ ಹದ ತಪ್ಪಿದರೆ ಅದೇ ಮೆಥನಾಲ್ ಆಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಬೆಲ್ಲದ ಕೊಳೆಯಲ್ಲಿ ಮೆಥನಾಲ್ ಹುಟ್ಟುವುದು ತೀರಾ ಅಲ್ಪ. ನೂರಾರು ಜನ ಒಟ್ಟಿಗೆ ಸಾಯುವುದು ಕಾರ್ಖಾನೆಯ ಮೆಥನಾಲ್ ಸಾರಾಯಿಗೆ ಸೇರಿದಾಗ. 1923ರಲ್ಲಿ ಜರ್ಮನಿಯಲ್ಲಿ ಅನಿಲದಿಂದ ಮೆಥನಾಲ್ ತಯಾರಿಸುವ ದೊಡ್ಡ ಕಾರ್ಖಾನೆ ಶುರುವಾದ ಮೇಲೆ ಅದಕ್ಕೆ ಕಟ್ಟಿಗೆ ಬೇಕಾಗಲಿಲ್ಲ, ಬೆಲೆಯೂ ಇಳಿಯಿತು. ಪ್ಲೈವುಡ್ ಅಂಟು, ಬಣ್ಣ, ತಿನ್ನರ್, ಔಷಧ, ಪ್ಲಾಸ್ಟಿಕ್ ಎಲ್ಲಕ್ಕೂ ಅದು ಬೇಕು. ಕಸುಬಿನಲ್ಲಿ ಬಹಳ ಉಪಯೋಗದ ವಸ್ತು. ನೋಡಲು, ಮೂಸಲು ಎಥನಾಲ್‌ನ ತಮ್ಮನ ಹಾಗೇ ಇರುತ್ತದೆ. ಕುಡಿದಾಗ ಮತ್ತೂ ಏರುತ್ತದೆ.

ವ್ಯತ್ಯಾಸ ಲಿವರ್‌ನಲ್ಲಿ ಗೊತ್ತಾಗುತ್ತದೆ. ಎಥನಾಲ್ ಅಲ್ಲಿ ಕೊನೆಗೆ ವಿನೆಗರ್‌ನ ಆಮ್ಲವಾಗಿ ಸುಟ್ಟುಹೋಗುತ್ತದೆ. (ಲಿವರ್ ಕೆಡುವುದು, ಮನೆ ಕೆಡುವುದು ಬೇರೆ ಕಥೆ.) ಅದೇ ಕಿಣ್ವ ಮೆಥನಾಲ್ ಮೇಲೆ ಕೆಲಸ ಮಾಡಿದರೆ ಮೊದಲು ಫಾರ್ಮಾಲ್ಡಿಹೈಡ್ ಬರುತ್ತದೆ. ಹೆಣ ಕೆಡದಂತೆ ಇಡುವ ಫಾರ್ಮಾಲಿನ್‌ನಲ್ಲಿರುವುದು ಅದೇ. ಆಮೇಲೆ ಫಾರ್ಮಿಕ್ ಆಮ್ಲ, ಅಂದರೆ ಇರುವೆ ಕಡಿದಾಗ ಉರಿ ಎಬ್ಬಿಸುವ ಆಮ್ಲ. ಇದನ್ನು ದೇಹ ಬೇಗ ಹೊರಹಾಕಲಾರದು. ರಕ್ತ ಆಮ್ಲವಾಗುತ್ತದೆ, ಕಣ್ಣಿನ ನರ ಸಾಯುತ್ತದೆ. ಎರಡು ಚಮಚದಷ್ಟು ಶುದ್ಧ ಮೆಥನಾಲ್ ಕಣ್ಣು ತೆಗೆಯಬಹುದು, ಅದರ ಎರಡು ಮೂರರಷ್ಟು ಜೀವ ತೆಗೆಯಬಹುದು.

ಕುಡಿದ ತಕ್ಷಣ ಏನೂ ಆಗುವುದಿಲ್ಲ ಎಂಬುದೇ ಇದರ ಕ್ರೂರತನ. ಸಾಮಾನ್ಯವಾಗಿ ತೊಂದರೆ ಕಾಣುವುದು 12ರಿಂದ 24 ತಾಸು ಕಳೆದ ಮೇಲೆ. ಜೊತೆಗೆ ಎಥನಾಲ್ ಇದ್ದರೆ ಇನ್ನೂ ತಡ. ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣಿನ ಮುಂದೆ ಮಂಜು ಮುಸುಕಿದಂತೆ. 'ನಿನ್ನೆಯ ನಿಶೆ ಇಳಿದಿಲ್ಲ' ಎಂದು ಮನೆಯವರು ಮಲಗಿಸಿಬಿಡುತ್ತಾರೆ. ಕುಡಿದ ಮಾರನೇ ದಿನ ಯಾರಾದರೂ ಕಣ್ಣು ಮಂಜು ಎಂದರೆ ಮಲಗಿಸಬೇಡಿ, ಮಜ್ಜಿಗೆ ಕುಡಿಸಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಏನು ಕುಡಿದರೆಂದು ಮುಚ್ಚಿಡದೆ ಹೇಳಿ, ಬಾಟಲಿ ಉಳಿದಿದ್ದರೆ ಜೊತೆಗೆ ಒಯ್ಯಿರಿ, ಒಟ್ಟಿಗೆ ಕುಡಿದ ಉಳಿದವರನ್ನೂ ಹುಡುಕಿ. ಆಸ್ಪತ್ರೆಯಲ್ಲಿ ಫೊಮೆಪಿಜೋಲ್ ಎಂಬ ಔಷಧ ಕೊಡುತ್ತಾರೆ, ಅದು ಇಲ್ಲದಿದ್ದರೆ ಅಳೆದ ಪ್ರಮಾಣದಲ್ಲಿ ಎಥನಾಲ್ ಅನ್ನೇ ಕೊಡುತ್ತಾರೆ. ಕಿಣ್ವ ಎಥನಾಲ್ ಕಡೆ ತಿರುಗಿ, ಮೆಥನಾಲ್ ಆಮ್ಲವಾಗುವುದು ನಿಲ್ಲುತ್ತದೆ. ಅಷ್ಟರಲ್ಲಿ ಡಯಾಲಿಸಿಸ್‌ನಿಂದ ಅದನ್ನು ತೊಳೆದು ತೆಗೆಯುತ್ತಾರೆ. ಅಣ್ಣ ತಮ್ಮನ ದಾರಿಗೆ ಅಡ್ಡ ನಿಲ್ಲುವ ಹಾಗೆ. ರಕ್ತ ಪರೀಕ್ಷೆ ಮಾಡುತ್ತಾ ಕೊಡುವ ಚಿಕಿತ್ಸೆ ಇದು, ಮನೆಯಲ್ಲಿ ಮತ್ತೊಂದು ಕ್ವಾರ್ಟರ್ ಕುಡಿಸಿ ಮಾಡುವ ಮದ್ದಲ್ಲ.

1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬಹುತೇಕ ಎಲ್ಲರೂ ಕೂಲಿಯವರು. ಕಣ್ಣು ಕಳೆದುಕೊಂಡವರು ಬೇರೆ. ಆಮೇಲೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಊರೂರಿನ ಸಾರಾಯಿ ಅಂಗಡಿ, ಹಲ್ಲಿನಲ್ಲಿ ಹರಿದು ಕುಡಿಯುತ್ತಿದ್ದ ಪಾಕೀಟು ಮಾಯವಾದವು. ಇನ್ನೂ ವರ್ಷ ತುಂಬಿರಲಿಲ್ಲ, 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ, ಕೋಲಾರ, ಆಚೆ ಹೊಸೂರು ಕಡೆ ಮತ್ತೆ ಅದೇ ಮೆಥನಾಲ್, ಮತ್ತೆ ನೂರಕ್ಕೂ ಹೆಚ್ಚು ಹೆಣ.

ಇದರಿಂದ ನಿಷೇಧವೇ ತಪ್ಪು ಎಂದು ಹೇಳುತ್ತಿಲ್ಲ. ಕೂಲಿ ದುಡ್ಡು ಸಂಜೆ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಹಳ್ಳಿಯ ಹೆಂಗಸರಿಗೆ ಗೊತ್ತು. ಪಕ್ಕದ ಆಂಧ್ರದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ್ದು ದೊಡ್ಡ ಚಳವಳಿಯಾಗಿ, 1993ರಲ್ಲಿ ಆ ರಾಜ್ಯ ಸಾರಾಯಿ ನಿಷೇಧಿಸಬೇಕಾಯಿತು. ನಮ್ಮ ಪಕ್ಕದ ಚಿತ್ರದುರ್ಗದಿಂದ ಬೆಂಗಳೂರಿಗೆ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ನಡೆದೇ ಹೋದರು. ನಾವು ಹೇಳುವುದು ಇಷ್ಟೇ: ಎಥನಾಲ್‌ಗೆ ಬೀಗ ಹಾಕುವ ಕಾನೂನು ಮೆಥನಾಲ್ ಡ್ರಮ್ಮಿನ ಲೆಕ್ಕವನ್ನೂ ಇಡಬೇಕು.

ಈ ಮನೆತನದ ಒಳ್ಳೆಯವರು ನಮ್ಮ ಸೀಮೆಯಲ್ಲೇ ಇದ್ದಾರೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಜಿಐ ಮಾನ್ಯತೆ ಇದೆ. ಮಲ್ಲಿಗೆ ಜಾತಿಯ ಹೂಗಳ ಪರಿಮಳದಲ್ಲಿ ಲಿನಲೂಲ್, ಬೆಂಜೈಲ್ ಆಲ್ಕೋಹಾಲ್ ಇರುತ್ತವೆ. ಲಿನಲೂಲ್ ಟರ್ಷಿಯರಿ ಆಲ್ಕೋಹಾಲ್, ಮೂರು ಕಡೆಯೂ ನೆಂಟರು. ಸುಗಂಧದ ಕಾರ್ಖಾನೆಯಲ್ಲಿ ಮಲ್ಲಿಗೆಯನ್ನು ಸಾಮಾನ್ಯವಾಗಿ ಬೇಯಿಸುವುದಿಲ್ಲ, ಶಾಖಕ್ಕೆ ಪರಿಮಳ ಕೆಡುತ್ತದೆ. ಹೆಕ್ಸೇನ್ ಎಂಬ ದ್ರವದಲ್ಲಿ ನೆನೆಸಿ, ಅದನ್ನು ಆವಿ ಮಾಡಿದರೆ ಮೇಣದಂಥ ಮುದ್ದೆ ಉಳಿಯುತ್ತದೆ. ಆ ಮುದ್ದೆಯನ್ನು ಎಥನಾಲ್‌ನಲ್ಲಿ ತೊಳೆದರೆ ಮೇಣ ಬೇರೆಯಾಗಿ ಪರಿಮಳದ ಎಣ್ಣೆ ಸಿಗುತ್ತದೆ. ಅಂದರೆ ಹೂವಿನೊಳಗಿನ ಆಲ್ಕೋಹಾಲ್ ಅನ್ನು ಹೊರತೆಗೆಯಲೂ ಇನ್ನೊಂದು ಆಲ್ಕೋಹಾಲ್ ಬೇಕು. ಗಂಧದೆಣ್ಣೆಯ ಬಹುಭಾಗ ಸ್ಯಾಂಟಲಾಲ್ ಎಂಬ ಆಲ್ಕೋಹಾಲ್. 1916ರಲ್ಲಿ ಮೈಸೂರು ಸರ್ಕಾರ ಗಂಧದೆಣ್ಣೆ ಕಾರ್ಖಾನೆ ತೆರೆದದ್ದು ಅದಕ್ಕಾಗಿ. ಸರ್ಕಾರ ಆಲ್ಕೋಹಾಲ್‌ನಿಂದ ಮರ್ಯಾದೆಯ ದುಡ್ಡನ್ನೂ ಮಾಡಿದೆ ಎನ್ನಿ!

ರೈತರು ಗೊಬ್ಬರದಂಗಡಿಯಲ್ಲಿ 'ಟ್ರೈಕಾಂಟನಾಲ್' ಎಂಬ ಬಾಟಲಿ ನೋಡಿರುತ್ತೀರಿ. 30 ಕಾರ್ಬನ್ ಉದ್ದದ ಆಲ್ಕೋಹಾಲ್ ಅದು. ಜೇನುಮೇಣದಲ್ಲೂ, ಎಲೆಗಳ ಮೇಲಿನ ಮೇಣದಲ್ಲೂ ಇರುತ್ತದೆ. ಲೂಸರ್ನ್ ಮೇವಿನ ಸೊಪ್ಪು ಹಾಕಿದ ಗಿಡಗಳು ಚೆನ್ನಾಗಿ ಬರುವುದೇಕೆ ಎಂದು ಹುಡುಕಿದ ಅಮೆರಿಕದ ಮಿಚಿಗನ್ ವಿಜ್ಞಾನಿಗಳು 1977ರಲ್ಲಿ ಇದನ್ನು ಗುರುತಿಸಿದರು. ನೆಗಡಿಯ ಮುಲಾಮಿನ ತಂಪು ಮೆಂಥಾಲ್, ಅದೂ ಆಲ್ಕೋಹಾಲ್. ಇವು ಯಾವುದರಿಂದಲೂ ಮತ್ತು ಏರುವುದಿಲ್ಲ.

ಕೊರೊನಾ ಕಾಲದಲ್ಲಿ ಈ ಮನೆತನ ನಮ್ಮ ಅಂಗೈಗೇ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಸೂತ್ರದಲ್ಲಿ ಶೇ 80 ಎಥನಾಲ್ ಅಥವಾ ಶೇ 75 ಐಸೊಪ್ರೊಪೈಲ್, ಜೊತೆಗೆ ಚರ್ಮ ಒಡೆಯದಿರಲಿ ಎಂದು ಶೇ 1.45 ಗ್ಲಿಸರಿನ್. ಉಳಿದದ್ದು ಬಹುಪಾಲು ನೀರು. ನೂರಕ್ಕೆ ನೂರು ಆಲ್ಕೋಹಾಲ್ ಏಕಲ್ಲ ಎಂದರೆ, ರೋಗಾಣುವಿನ ಪ್ರೋಟೀನ್ ಕೆಡಿಸಲು ಸ್ವಲ್ಪ ನೀರೂ ಬೇಕು. ಆಗಲೂ ಗೊಂದಲ ತಪ್ಪಲಿಲ್ಲ. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದಾಗ, 2020ರ ಜುಲೈ ಕೊನೆಗೆ, ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು.

ಕುಡಿಯದವರ ಮನೆಯೊಳಗೂ ಈ ಗೊಂದಲ ಬರುತ್ತದೆ, ಮಕ್ಕಳ ಕೆಮ್ಮಿನ ಸಿರಪ್ಪಿನ ಮೂಲಕ. ಸಿರಪ್ ಗಟ್ಟಿಯಾಗಿ ಸಿಹಿಯಾಗಿರಲು ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಹಾಕುತ್ತಾರೆ. ಎರಡೂ ನಿರಪಾಯದ ಆಲ್ಕೋಹಾಲ್‌ಗಳು. ಅವುಗಳ ಹಾಗೇ ಸಿಹಿ, ಹಾಗೇ ಮಂದವಾಗಿರುವ ಡೈಎಥಿಲೀನ್ ಗ್ಲೈಕಾಲ್ ಮಾತ್ರ ಕಿಡ್ನಿ ಕೊಲ್ಲುವ ವಿಷ. 1986ರಲ್ಲಿ ಬಾಂಬೆಯ ಜೆ.ಜೆ. ಆಸ್ಪತ್ರೆಯಲ್ಲಿ ಇದು ಬೆರೆತ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಕಡೆ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ಬಾಟಲಿಯಲ್ಲಿ ಸಿಕ್ಕಿದ್ದೂ ಇದೇ. ಸಿರಪ್ ಕೊಟ್ಟ ಮೇಲೆ ಮಗು ಮೂತ್ರ ಮಾಡುವುದು ಕಡಿಮೆಯಾದರೆ ಅದು ದೊಡ್ಡ ಸೂಚನೆ, ಅದೇ ದಿನ ಡಾಕ್ಟರ್ ಹತ್ತಿರ ಒಯ್ಯಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯಲ್ಲಿ ಕೇಳಿ ತಂದ ಕೆಮ್ಮು-ನೆಗಡಿ ಸಿರಪ್ ಕೊಡಲೇಬಾರದು.

ಇನ್ನು ಹರಪನಹಳ್ಳಿಯ ಮೆಕ್ಕೆಜೋಳ. 2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ 5 ಎಥನಾಲ್ ಬೆರೆಸುವ ಯೋಜನೆ ಶುರುವಾಯಿತು. ಆಗ ಎಥನಾಲ್ ಎಂದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ. ಶೇ 20 ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ದೇಶದಲ್ಲಿ ಎಥನಾಲ್‌ಗೆ ಮೆಕ್ಕೆಜೋಳವೇ ದೊಡ್ಡ ಮೂಲ. ಒಂದು ಟನ್ ಜೋಳದಿಂದ ಸುಮಾರು 380 ಲೀಟರ್ ಬರುತ್ತದೆ. ಮೆಕ್ಕೆಜೋಳದ ರೇಟು ಕೇಳುವ ರೈತ ಇನ್ನುಮುಂದೆ ಕೋಳಿ ಫಾರಂ ಜೊತೆಗೆ ಪೆಟ್ರೋಲ್ ಬಂಕಿನ ಕಡೆಗೂ ಕಣ್ಣಿಡಬೇಕು.

ಹಾಗಾದರೆ ಕಾರ್ಖಾನೆಗೆ ಹೋಗುವ ಆಲ್ಕೋಹಾಲ್ 'ಮದ್ಯ' ಹೌದೋ ಅಲ್ಲವೋ? ಈ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಸಂವಿಧಾನದ ಪ್ರಕಾರ ಮತ್ತೇರಿಸುವ ಮದ್ಯ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ಕೈಗಾರಿಕೆಯ ಆಲ್ಕೋಹಾಲ್ ಅದರಲ್ಲಿ ಬರುವುದಿಲ್ಲ ಎಂದು 1989ರಲ್ಲಿ ಏಳು ನ್ಯಾಯಮೂರ್ತಿಗಳು ಹೇಳಿದ್ದರು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು. ಎಂಟು ಜನ ಬರುತ್ತದೆ ಎಂದರು, ಕುಡಿಯಲು ದುರುಪಯೋಗವಾಗಬಹುದಾದದ್ದನ್ನು ತಡೆಯುವ ಅಧಿಕಾರ ರಾಜ್ಯಕ್ಕಿದೆ ಎಂದರು. ಬರುವುದಿಲ್ಲ ಎಂದು ಬೇರೆ ತೀರ್ಪು ಬರೆದ ಒಬ್ಬರೇ ನ್ಯಾಯಮೂರ್ತಿ ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ. ಕಾರ್ಖಾನೆಯ ಡ್ರಮ್ಮು ಊರಿನ ಅಂಗಡಿಗೆ ಜಾರದಂತೆ ಕಾಯುವ ಅಧಿಕಾರ ನಮ್ಮದಲ್ಲ ಎಂದು ರಾಜ್ಯ ಸರ್ಕಾರ ಇನ್ನು ಹೇಳುವಂತಿಲ್ಲ.